ಅಜ್ಜನ ಜೋಡಿ ನಳಿಗೆ ಕೋವಿಗೆ ಈಗಿನ ತೋಟಾ ಹಾಕಬಹುದಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ 12 ಬೋರ್ ಜೋಡಿ ನಳಿಗೆ ಕೋವಿ ಇದೆ. ನಳಿಗೆ ತುಂಬ ಅಲೆ ಅಲೆಯಾದ ಗೆರೆಗಳು. ಕಂಪನಿ ಹೆಸರಿಲ್ಲ. ಅಡಿಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಅಂತ ಕೊರೆದಿದೆ, ಅದರ ಮೇಲೊಂದು ಕಿರೀಟ. ಈ ಸಲ ಕೈಲ್‌ಪೊಳ್ದ್‌ಗೆ (ಕೊಡಗಿನ ಆಯುಧ ಪೂಜೆಯ ಹಬ್ಬ) ತೆಂಗಿನಕಾಯಿ ಹೊಡೆಯಲು ಇದನ್ನೇ ತೆಗೆಯೋಣ ಅಂತಿದ್ದೇವೆ. ಅಂಗಡಿಯ ತೋಟಾ ಹಾಕಬಹುದಾ?
– ವಿರಾಜಪೇಟೆ ಕಡೆಯ ಓದುಗರು

ಉತ್ತರ: ಈ ಸಲ ಬೇಡ. ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡಿ, ಕಾಯಿಗೆ ಬೇರೆ ಕೋವಿ ಇರಲಿ.

ನಿಮ್ಮ ಕೋವಿ ಬೆಲ್ಜಿಯಂನ ಲೀಜ್ ಊರಿನದು. ಇ.ಎಲ್.ಜಿ. ಅಲ್ಲಿನ ಪರೀಕ್ಷಾ ಮುದ್ರೆ, ಅಂದರೆ ಭಾರದ ಮದ್ದು ಹಾಕಿ ಹೊಡೆದು ನಳಿಗೆ ತಾಳುತ್ತದೆ ಅಂತ ನೋಡಿ ಒತ್ತಿದ ಗುರುತು. ಮೇಲೆ ಕಿರೀಟ ಬಂದದ್ದು 1893ರಿಂದ, ಹಾಗಾಗಿ ಕೋವಿ ಅದಕ್ಕಿಂತ ಹಳೆಯದಲ್ಲ. ಅಲೆ ಗೆರೆ ಇದ್ದರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುರುಳಿ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ನೋಡಲು ಚೆಂದ. ಆದರೆ ಬೆಸುಗೆಯ ಸಂದಿಯಲ್ಲಿ ಒಳಗೊಳಗೇ ತುಕ್ಕು ಹಿಡಿದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಕೊಡಗಿನ ಮಳೆಗಾಲ ಎಷ್ಟೊಂದು ಕಳೆದಿದೆ ಅಲ್ವಾ ಅದಕ್ಕೆ!

ಇಂಥ ಎಷ್ಟೋ ಕೋವಿಗಳನ್ನು ಕರಿಮದ್ದಿಗೆ ಮಾತ್ರ ಪರೀಕ್ಷೆ ಮಾಡಿರುತ್ತಾರೆ. ಈಗಿನ ತೋಟಾದಲ್ಲಿರುವ ಹೊಗೆ ಬಾರದ ಮದ್ದಿಗೂ ಪಾಸಾಗಿದ್ದರೆ ಸಿಂಹದ ಗುರುತಿನ ಜೊತೆ ಪಿ.ವಿ. ಎಂಬ ಅಕ್ಷರ ಇರುತ್ತದೆ. ಲೆನ್ಸ್ ಹಿಡಿದು ಹುಡುಕಿ. ಸಿಕ್ಕರೂ, ಆ ಮುದ್ರೆ ಹೇಳುವುದು ಅದನ್ನು ಒತ್ತಿದ ದಿನದ ಸ್ಥಿತಿ. ಆಮೇಲೆ ಯಾರೋ ಒಳಗೆ ಉಜ್ಜಿ ಉಜ್ಜಿ ಗೋಡೆ ತೆಳ್ಳಗೆ ಮಾಡಿರಬಹುದು.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಹಳೆ ಯುರೋಪಿನ 12 ಬೋರ್ ಕೋವಿಗಳಲ್ಲಿ ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಹೆಚ್ಚಾಗಿ 65 ಮಿ.ಮೀ. ಉದ್ದ. ಈಗ ಜಾಸ್ತಿ ಓಡುವುದು 70 ಮಿ.ಮೀ. ತೋಟಾ. ಅದು ಹಳೆ ಚೇಂಬರಿಗೂ ಸಲೀಸಾಗಿ ಹೋಗುತ್ತದೆ. ಮೋಸ ಇರುವುದೇ ಅಲ್ಲಿ. ತೋಟಾದ ಉದ್ದವನ್ನು ಬಾಯಿ ಬಿಚ್ಚಿಕೊಂಡ ಮೇಲಿನ ಲೆಕ್ಕದಲ್ಲಿ ಬರೆಯುತ್ತಾರೆ. ಹೊಡೆಯುವ ಮುಂಚೆ ಬಾಯಿ ಮಡಚಿರುವುದರಿಂದ ಗಿಡ್ಡವಾಗಿ ಕಾಣುತ್ತದೆ. ಗುಂಡು ಹಾರಿದಾಗ ಆ ಮಡಿಕೆ ಬಿಚ್ಚಿ, ನಳಿಗೆ ಕಿರಿದಾಗುವ ಜಾಗಕ್ಕೇ ಚಾಚುತ್ತದೆ. ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. "ತೋಟಾ ಹಿಡಿಸಿತು, ಹೊಡೆದೆವು" ಅನ್ನುವವರ ಮಾತು ಕೇಳಬೇಡಿ.

ಮನೆಯಲ್ಲೇ ಮೊದಲ ತಪಾಸಣೆ ಮಾಡಬಹುದು. ಎರಡೂ ನಳಿಗೆ ಖಾಲಿ ಇದೆ ಅಂತ ಕಣ್ಣಿಂದ ನೋಡಿ. ಮುಂದಿನ ಕೈಮರ ತೆಗೆದು, ಕೋವಿ ಮುಚ್ಚಿ, ಹಿಡಿ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಕೀಲು ಸವೆದಿದೆ. ಆಮೇಲೆ ನಳಿಗೆ ಬಿಚ್ಚಿ, ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ನಾದ ನಿಲ್ಲಬೇಕು. ಒಡಕು ಸದ್ದು ಬಂದರೆ ಎರಡು ನಳಿಗೆ ಕೂಡಿಸುವ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ. ಇದರಲ್ಲಿ ಪಾಸಾದರೂ ನಳಿಗೆಯ ಗೋಡೆ ಅಳೆಯುವ ಸಾಧನ ಇರುವ, ಲೈಸೆನ್ಸ್ ಪಡೆದ ರಿಪೇರಿಯವರ ಹತ್ತಿರ ತೋರಿಸದೆ ತೋಟಾ ಹಾಕಬೇಡಿ.

ಪ್ರಶ್ನೆ: ಒಬ್ಬರು ಹಳೆ ಡಿಬಿಬಿಎಲ್ (ಹಿಂದಿನಿಂದ ತೋಟಾ ತುಂಬುವ ಜೋಡಿ ನಳಿಗೆ ಕೋವಿ) ಮಾರುತ್ತಿದ್ದಾರೆ. "ಅಸಲಿ ಇಂಗ್ಲೆಂಡ್ ಮಾಲು, ಸೈಡ್‌ಲಾಕ್, ಪಕ್ಕದ ತಗಡಿನಲ್ಲಿ ಕೆತ್ತನೆ ನೋಡಿ" ಅಂತಾರೆ. ನಂಬಬಹುದಾ?
– ಸೋಮವಾರಪೇಟೆ ಓದುಗರು

ಉತ್ತರ: ಕೆತ್ತನೆ ಆಮೇಲೆ ನೋಡೋಣ. ಮೊದಲು ಮುದ್ರೆ ಓದಿ. ಇಂಗ್ಲಿಷ್ ಹೆಸರು ಹೊತ್ತ ಬೆಲ್ಜಿಯಂ ಕೋವಿಗಳು ಹಿಂದೆ ಬೇಕಾದಷ್ಟು ಬಂದಿವೆ. ಹೆಸರು ಏನೇ ಇರಲಿ, ಅಡಿಯಲ್ಲಿ ಲೀಜ್ ಮುದ್ರೆ ಇದ್ದರೆ ಪರೀಕ್ಷೆ ಆದದ್ದು ಅಲ್ಲೇ. ಬೆಲ್ಜಿಯಂನದು ಅಂತ ಕೀಳೂ ಅಲ್ಲ. ಲೀಜ್‌ನಲ್ಲಿ ಅಗ್ಗದ ಸರಕೂ ಆಗಿದೆ, ಅತ್ಯುತ್ತಮ ಕೆಲಸವೂ ಆಗಿದೆ.

ಪಕ್ಕದ ತಗಡು ಇದ್ದ ಮಾತ್ರಕ್ಕೆ ಸೈಡ್‌ಲಾಕ್ ಆಗುವುದಿಲ್ಲ. ಹೊಡೆಯುವ ಯಂತ್ರ ನಡುವಿನ ಲೋಹದ ಪೆಟ್ಟಿಗೆಯೊಳಗೇ ಇರುವ ಬಾಕ್ಸ್‌ಲಾಕ್ ಕೋವಿಗೆ ಸುಮ್ನೆ ಅಲಂಕಾರದ ತಗಡು ಕೂರಿಸಿರುತ್ತಾರೆ. ನಿಜವಾದ ಸೈಡ್‌ಲಾಕ್‌ನಲ್ಲಿ ಯಂತ್ರ ಆ ತಗಡಿನ ಒಳಮೈಗೇ ಅಂಟಿಕೊಂಡಿರುತ್ತದೆ. ಹಾಗಂತ ಬಾಕ್ಸ್‌ಲಾಕ್ ಬೇಡ ಅನ್ನಬೇಡಿ. ಬರ್ಮಿಂಗ್‌ಹ್ಯಾಂನ ವೆಸ್ಟ್ಲಿ ರಿಚರ್ಡ್ಸ್‌ನಲ್ಲಿದ್ದ ಆನ್ಸನ್ ಮತ್ತು ಡೀಲಿ 1875ರಲ್ಲಿ ಮಾಡಿದ ಆ ವಿನ್ಯಾಸದಲ್ಲಿ ಬಿಡಿಭಾಗ ಕಡಿಮೆ, ಗಟ್ಟಿತನ ಜಾಸ್ತಿ. ತೋಟದ ಮನೆಗೆ ನನ್ನ ಆಯ್ಕೆ ಅದೇ.

ಕೈಯಲ್ಲಿ ಹಿಡಿದೂ ನೋಡಿ. ಇಂಗ್ಲೆಂಡಿನ ಕೋವಿ ತಯಾರಕ ಗ್ರೀನರ್ ಹೇಳಿದ ಒಂದು ಹಳೆ ಲೆಕ್ಕವಿದೆ: ಕೋವಿಯ ತೂಕ ಒಂದು ತೋಟಾದ ಗುಂಡುಗಳ ತೂಕದ 96 ಪಟ್ಟು ಇರಬೇಕು. 28 ಗ್ರಾಂ ಗುಂಡಿಗೆ ಸುಮಾರು 2.7 ಕೆ.ಜಿ., 32 ಗ್ರಾಂಗೆ 3 ಕೆ.ಜಿ.ಗಿಂತ ಸ್ವಲ್ಪ ಮೇಲೆ. ಹಗುರ ಕೋವಿಗೆ ಭಾರದ ತೋಟಾ ಹಾಕಿದರೆ ಪೆಟ್ಟು ನಿಮ್ಮ ಹೆಗಲಿಗೂ, ಹಳೆ ಮರಕ್ಕೂ. ಮರ ಲೋಹಕ್ಕೆ ಸೇರುವ ಜಾಗದಲ್ಲಿ ಬಿರುಕಿದ್ದರೆ ಬೆಲೆ ಮಾತಾಡುವ ಮುಂಚೆ ಕೇಳಿ.

ಪ್ರಶ್ನೆ: ನಳಿಗೆಯ ಕಪ್ಪು ಬಣ್ಣ ಮಾಸಿದೆ. ಹೊಸದಾಗಿ ಹಾಕಿಸಲಾ?
– ಮಡಿಕೇರಿ ಓದುಗರು

ಉತ್ತರ: ಕಾದ ಕ್ಷಾರದ ತೊಟ್ಟಿಯಲ್ಲಿ ಅದ್ದಿ ಬಣ್ಣ ಬರಿಸುವವರಿಗೆ ಕೊಡಲೇಬೇಡಿ. ಹಳೆ ಜೋಡಿ ನಳಿಗೆಗಳ ಪಟ್ಟಿಯನ್ನು ತವರದ ಬೆಸುಗೆಯಲ್ಲಿ ಕೂರಿಸಿರುತ್ತಾರೆ. ಆ ಕ್ಷಾರ ಬೆಸುಗೆಯನ್ನೇ ತಿನ್ನುತ್ತದೆ. ಒಳಗೆ ಉಳಿದದ್ದು ತುಕ್ಕಿಗೆ ದಾರಿ. ನಿಧಾನವಾಗಿ ತುಕ್ಕು ಬರಿಸಿ, ಕುದಿಸಿ ಕಪ್ಪಾಗಿಸುವ ಹಳೆಯ ವಿಧಾನ ಗೊತ್ತಿರುವವರು ಸಿಕ್ಕರೆ ಮಾತ್ರ ಮಾಡಿಸಿ. ಇಲ್ಲದಿದ್ದರೆ ಮಾಸಿದ್ದು ಮಾಸಿಯೇ ಇರಲಿ, ತೆಳುವಾಗಿ ಎಣ್ಣೆ ಸವರಿ. ಎಣ್ಣೆ ಹಾಕಿದ ಮೇಲೆ ಕೋವಿಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಮೇಲೆ ಮಾಡಿದರೆ ಎಣ್ಣೆ ಮರಕ್ಕಿಳಿದು ಅದನ್ನು ಮೆತ್ತಗೆ ಮಾಡುತ್ತದೆ.