ಓದುಗರ ಪ್ರಶ್ನೆ: ಹಳೆಮನೆಯ ಗೋಡೆ

ಪ್ರಶ್ನೆ: ಇಟಲಿಯ ಫ್ಲಾರೆನ್ಸಿನ ಮೆಡಿಚಿ ಮನೆಯ ಚಿತ್ರ ನೋಡಿದೆ. ಕೆಳಗಿನ ಕಲ್ಲುಗಳು ಒರಟು, ಮೇಲೆ ಹೋದಂತೆ ನಯ. ಹಣ ಸಾಲದೆ ಹಾಗೆ ಬಿಟ್ಟರೇ?
– ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಹಣದ ಕೊರತೆ ಬ್ಯಾಂಕ್ ನಡೆಸುತ್ತಿದ್ದ ಆ ಮನೆತನಕ್ಕಂತೂ ಇರಲಿಲ್ಲ! ವಾಸ್ತುಶಿಲ್ಪಿ ಮಿಕೆಲೋಝೊ 1444ರಲ್ಲಿ ಕಟ್ಟಲು ತೊಡಗಿದ ಮನೆ ಅದು. ಬುಡದಲ್ಲಿ ಬಂಡೆಯಂಥ ಉಬ್ಬುಗಲ್ಲು, ನಡುವಿನ ಅಂತಸ್ತಿನಲ್ಲಿ ಸಂದು ಮಾತ್ರ ಕಾಣುವ ಚಪ್ಪಟೆ ಕಲ್ಲು, ಮೇಲಿನದರಲ್ಲಿ ಪೂರಾ ನಯ. ಬೀದಿಗೆ ಕೋಟೆಯ ಗತ್ತು. ಒಳಗೆ ಕಮಾನಿನ ಸಾಲು ಸುತ್ತಿದ ಅಂಗಳ. ಬೀದಿಯ ಮೂಲೆಯಲ್ಲಿ ತೆರೆದಿದ್ದ ಜಗಲಿಯನ್ನು 1517ರ ಸುಮಾರಿಗೆ ಮುಚ್ಚಿ, ಮೈಕೆಲ್ಯಾಂಜೆಲೊ ವಿನ್ಯಾಸದ ಕಿಟಕಿ ಇಟ್ಟರು. 1659ರಲ್ಲಿ ಕೊಂಡ ರಿಕಾರ್ಡಿ ಮನೆತನ ಅದೇ ಶೈಲಿಯಲ್ಲಿ ಮುಂಭಾಗವನ್ನು ಉದ್ದ ಮಾಡಿತು. 'ಮೂಲ ರೂಪಕ್ಕೆ ತರುತ್ತೇವೆ' ಎಂದು ಆ ಕಿಟಕಿಗಳನ್ನು ಕಿತ್ತರೆ ಅದು ಸಂರಕ್ಷಣೆಯಲ್ಲ, ಅವೂ ಮನೆಯ ಚರಿತ್ರೆಯೇ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮುರಕಲ್ಲಿನ ಮನೆ. ಬುಡದ ಗಾರೆ ಉದುರಿತೆಂದು ಮೂರಡಿ ಎತ್ತರಕ್ಕೆ ಸಿಮೆಂಟ್ ಮಾಡಿಸಿದೆವು. ಈಗ ಅದರ ಮೇಲ್ಗಡೆ ಉದುರುತ್ತಿದೆ, ಬಿಳಿ ಹುಡಿ ಏಳುತ್ತಿದೆ. ಸಿಮೆಂಟನ್ನು ಇನ್ನೂ ಎತ್ತರಿಸಬಹುದೇ?
– ಕೃಷಿಕರು, ಕುಂಬಳೆ

ಉತ್ತರ: ಎತ್ತರಿಸಿದರೆ ತೇವವೂ ಬೆನ್ನಿಗೇ ಹತ್ತುತ್ತದೆ. ಮುರಕಲ್ಲು ನೆಲದ ನೀರನ್ನು ದೀಪದ ಬತ್ತಿಯ ಹಾಗೆ ಹೀರುತ್ತದೆ. ಮೊದಲು ಅದು ಸುಣ್ಣದ ಗಾರೆಯ ಮೂಲಕ ಬುಡದಲ್ಲೇ ಆರುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ಬಿಳಿ ಹುಡಿ ಉಪ್ಪು. ನೀರು ಆರುವಲ್ಲಿ ಹರಳುಗಟ್ಟಿ ಗಾರೆಯನ್ನು ಒಡೆಯುವುದು ಅದೇ.

ಗೋಡೆ ಮುಟ್ಟುವ ಮುಂಚೆ ನೀರಿನ ಮೂಲ ಹುಡುಕಿ. ಮಣ್ಣು, ಇಂಟರ್‌ಲಾಕ್ ಹಾಕಿಸಿ ಅಂಗಳ ಒಳನೆಲದ ಮಟ್ಟಕ್ಕೆ ಏರಿದ್ದರೆ ಇಳಿಸಿ. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ದಂಬೆ ಕಟ್ಟಿಸಿ. ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುವ ಊರು ನಮ್ಮದು. ಮೊದಲ ಖರ್ಚು ಇಲ್ಲಿಗೇ ಹೋಗಲಿ.

ಡಿಸೆಂಬರಿನಲ್ಲಿ ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ತೆಗೆಸಿ. ಯಂತ್ರ ಹಚ್ಚಿದರೆ ಕಲ್ಲಿನ ಮುಖವೇ ಕಿತ್ತು ಬರುತ್ತದೆ. ಉಪ್ಪನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ. ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಎರಡು ಮೂರು ತಿಂಗಳು ಗೋಡೆ ಬರಿಮೈಯಲ್ಲಿ ಒಣಗಲಿ.

ಹೊಸ ಗಾರೆಗೆ ಒಂದು ತಿಂಗಳಾದರೂ ನೀರಿನಡಿ ಕೊಳೆತ ಸುಣ್ಣ 1 ಪಾಲು, ಹೊಳೆಯ ಹೊಯಿಗೆ 3 ಪಾಲು. ಕಡಲ ಹೊಯಿಗೆ ಖಂಡಿತ ಬೇಡ, ಉಪ್ಪನ್ನು ನೀವೇ ತಂದು ಮೆತ್ತಿದ ಹಾಗಾದೀತು. ಗೋಡೆ ನೆನೆಸಿ 10–12 ಮಿ.ಮೀ. ದಪ್ಪದ ಮೊದಲ ಕೋಟು ಹಾಕಿ, ಮೈಗೆ ಗೀರು ಎಳೆಯಿರಿ. ಹೆಬ್ಬೆರಳು ಒತ್ತಿದರೆ ಕುಳಿ ಬೀಳಬಾರದು, ಉಗುರಿಗೆ ಗೆರೆ ಮೂಡಬೇಕು. ಆ ಹದಕ್ಕೆ 6 ಮಿ.ಮೀ.ನ ಎರಡನೆಯದು. ಒಂದು ವಾರ ಒದ್ದೆ ಗೋಣಿ ಇಳಿಬಿಡಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಲು ತೇವ ಬೇಕು. ಬಿಸಿಲಿಗೆ ಬೇಗ ಒಣಗಿದ್ದು ಕೈಗೆ ಹುಡಿಯಾಗಿ ಬರುತ್ತದೆ. ಹೆಚ್ಚಿನ ಮೇಸ್ತ್ರಿಗಳು ಅವಸರ ಮಾಡುವುದು ಇಲ್ಲೇ.

ಕೊನೆಗೆ ನೀರುಮಜ್ಜಿಗೆಯಷ್ಟು ತೆಳ್ಳಗಿನ ಸುಣ್ಣ ಮೂರು ಬಾರಿ. ಮೇಲೆ ಎಮಲ್ಶನ್ ಪೇಂಟ್ ಬಳಿದರೆ ಮತ್ತೆ ಗೋಡೆಯ ಉಸಿರು ಕಟ್ಟುತ್ತದೆ.