ಡ್ಯಾಶ್‌ಹೌಂಡ್ ಬೆನ್ನಿಗೆ ಎಣ್ಣೆ ಹಾಕಿ ನೀವಬೇಡಿ

ಲಸಿಕೆ, ಜಂತಿನ ಔಷಧಿ, ಸ್ನಾನ ಇದನ್ನೆಲ್ಲ ನಾನಿಲ್ಲಿ ಬರೆಯಲ್ಲ, ನಿಮ್ಮೂರಿನ ಡಾಕ್ಟ್ರು ಹೇಳಿರ್ತಾರೆ. ಆದ್ರೆ ಮಿನಿಯೇಚರ್ ಡ್ಯಾಶ್‌ಹೌಂಡ್, ಅಂದ್ರೆ ಉದ್ದ ಬೆನ್ನಿನ ಗಿಡ್ಡ ಕಾಲಿನ ಪುಟ್ಟ ನಾಯಿ, ಸಾಕಿದವರಿಂದ ಒಂದೇ ಪ್ರಶ್ನೆ ವರ್ಷಗಟ್ಟಲೆಯಿಂದ ಬರ್ತಾನೇ ಇದೆ, ಅದೂ ಪ್ರತಿ ಸಲ ಎರಡು ಮೂರು ದಿನ ತಡವಾಗಿ. ಅದಕ್ಕೆ ಈ ಸಲ ಅದನ್ನೇ ಬಿಡಿಸಿ ಬರೀತೀನಿ, ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ನಾಯಿಗೆ ನಾಲ್ಕು ವರ್ಷ. ಮೊನ್ನೆ ಜಗಲಿಯಿಂದ ಅಂಗಳಕ್ಕೆ ಹಾರಿದವನು ಕುಂಯ್ ಅಂದ. ಆಮೇಲಿಂದ ಬೆನ್ನು ಗೂನು ಮಾಡ್ಕೊಂಡು ನಡುಗ್ತಾನೆ, ಹೊಟ್ಟೆ ಗಟ್ಟಿ, ಎತ್ತಿದ್ರೆ ಕೂಗ್ತಾನೆ, ಇವತ್ತು ಹಿಂದಿನ ಕಾಲು ತೂರಾಡ್ತಿದೆ. ಗ್ಯಾಸ್ಟ್ರಿಕ್ ಅಂತಾರೆ, ಉಳುಕು ಅಂತಾರೆ. ಎಣ್ಣೆ ಹಾಕಿ ನೀವಿದ್ವಿ, ಕ್ಯಾಲ್ಸಿಯಂ ಸಿರಪ್ ಶುರು ಮಾಡಿದ್ವಿ. ನಮ್ಮ ಮನೆಯ ನೋವಿನ ಮಾತ್ರೆ ಅರ್ಧ ಕೊಡಬಹುದಾ?

ಉತ್ತರ: ಕೊಡಬೇಡಿ. ನೀವೋದು ಈಗಲೇ ನಿಲ್ಲಿಸಿ. ಇದು ಗ್ಯಾಸ್ಟ್ರಿಕ್ ಅಲ್ಲ. ಬೆನ್ನು ನೋಯುವಾಗ ನಾಯಿ ಹೊಟ್ಟೆ ಬಿಗಿ ಹಿಡಿಯತ್ತೆ, ಮುಟ್ಟಿದ್ರೆ ಹೊಟ್ಟೆನೋವು ಅಂತಲೇ ಅನ್ಸತ್ತೆ, ಇದರಲ್ಲೇ ಎಷ್ಟೋ ಮನೆಯವರು ಎರಡು ದಿನ ಕಳೀತಾರೆ. ನೀವು ಬರೆದದ್ದು ಡಿಸ್ಕ್ ಜಾರಿದ ಲಕ್ಷಣ, ಐವಿಡಿಡಿ ಅಂತೀವಿ. ಸರಿಸುಮಾರು ನಾಲ್ಕು ಡ್ಯಾಶ್‌ಹೌಂಡ್‌ಗಳಲ್ಲಿ ಒಂದಕ್ಕೆ ಜೀವಮಾನದಲ್ಲಿ ಒಮ್ಮೆ ಇದು ಬರತ್ತೆ, ಹೆಚ್ಚಾಗಿ 3ರಿಂದ 7 ವರ್ಷದೊಳಗೆ.

ಯಾಕೆ ಈ ಜಾತಿಗೇ ಅಂದ್ರೆ, ಬಿಲದೊಳಗೆ ನುಗ್ಗಿ ಬ್ಯಾಡ್ಜರ್ ಅನ್ನೋ ಕಾಡುಪ್ರಾಣಿ ಹಿಡೀಲಿ ಅಂತ ಜರ್ಮನಿಯಲ್ಲಿ ಗಿಡ್ಡ ಕಾಲಿನ ನಾಯಿನೇ ಆರಿಸಿ ಆರಿಸಿ ಬೆಳೆಸಿದ್ರು, ಆ ಕಾಲು ಗಿಡ್ಡ ಮಾಡೋ ವಂಶವಾಹಿಗಳ ಜೊತೆಗೇ ಡಿಸ್ಕ್ ಕೆಡೋ ಗುಣನೂ ಬಂತು. ಬೆನ್ನುಮೂಳೆಯ ಎರಡು ಮಣಿ ನಡುವಿನ ಡಿಸ್ಕ್ ಒಳಗೆ ಎಳನೀರಿನ ಗಂಜಿ ತರ ಮೆತ್ತಗಿನದು ಇರ್ಬೇಕು. ಬೇರೆ ನಾಯಿಗಳಲ್ಲಿ ಅದು ವಯಸ್ಸಾದ ಮೇಲೆ ಒಣಗತ್ತೆ, ಇವುಗಳಲ್ಲಿ ಒಂದು ವರ್ಷ ತುಂಬೋ ಹೊತ್ತಿಗೇ ಬಲಿತು ಕೊಬ್ಬರಿ ಆಗೋಕೆ ಶುರು. ಆಮೇಲೆ ಒಂದು ದಿನ ಆ ಗಟ್ಟಿ ತುಂಡು ಹೊರಗೆ ಚಿಮ್ಮಿ ನೇರ ಮೇಲಿರೋ ನರದ ಹುರಿಗೆ ಒತ್ತತ್ತೆ. ಜಗಲಿಯಿಂದ ಹಾರಿದ್ದು ನೆಪ, ಡಿಸ್ಕ್ ಮೊದಲೇ ಕೆಟ್ಟಿತ್ತು. ಈಗ ಹೇಳಿ, ಹೊರಗೆ ಬಂದ ತುಂಡಿನ ಮೇಲೆ ಹೆಬ್ಬೆರಳು ಒತ್ತಿ ನೀವಿದ್ರೆ ಅದು ಎಲ್ಲಿಗೆ ಹೋಗ್ಬೇಕು? ಕ್ಯಾಲ್ಸಿಯಂ ಕಮ್ಮಿಯಾಗಿ ಇದು ಆಗಲ್ಲ, ಸಿರಪ್ ಕುಡಿಸಿ ವಾಸಿನೂ ಆಗಲ್ಲ. ಇನ್ನು ಸೊಂಟದ ಮೇಲೆ ಬರೆ ಹಾಕೋ ನಾಟಿಯವರ ಹತ್ರ ಹೋಗಿ ಬಂದ ನಾಯಿಗಳನ್ನ ನಾನು ನೋಡಿದ್ದೀನಿ, ಕಾಲಂತೂ ಬರಲ್ಲ, ಮೇಲೆ ಸುಟ್ಟ ಗಾಯ ಬೇರೆ. ಅದು ಚಿಕಿತ್ಸೆ ಅಲ್ಲ, ಹಿಂಸೆ.

ಮಾತ್ರೆ ವಿಷಯ ಇನ್ನೂ ಅಪಾಯ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಐದು ಕಿಲೋ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡ್ತವೆ, ಕಿಡ್ನಿ ಕೆಡಿಸ್ತವೆ. ಅದರ ಮೇಲೆ ಇನ್ಯಾರೋ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ರೆ ಕರುಳೇ ತೂತಾಗಬಹುದು. ಈಗಾಗಲೇ ಏನಾದ್ರೂ ಕೊಟ್ಟಿದ್ರೆ ನಾಚಿಕೆ ಬಿಟ್ಟು ಡಾಕ್ಟ್ರಿಗೆ ಹೇಳಿ. ಫೋನಲ್ಲಿ ಸ್ಟೀರಾಯ್ಡ್ ಡೋಸ್ ಕೇಳೋರಿಗೆ ನಾನು ಹೇಳಲ್ಲ, ಎಷ್ಟು ಸಲ ಕೇಳಿದ್ರೂ ಹೇಳಲ್ಲ.

ಮನೆಯಲ್ಲೇ ಒಂದು ನೋಡ್ಕೊಳ್ಳಿ. ಒಬ್ರು ನಾಯಿಯ ಹೊಟ್ಟೆಗೆ ಕೈಕೊಟ್ಟು ನಿಲ್ಲಿಸ್ಕೊಂಡು, ಇನ್ನೊಬ್ರು ಹಿಂದಿನ ಪಾದ ಮಡಚಿ ಮೇಲ್ಭಾಗ ನೆಲಕ್ಕೆ ತಾಗೋ ಹಾಗೆ ಇಡಿ. ಸರಿಯಿದ್ದ ನಾಯಿ ತಕ್ಷಣ ಪಾದ ತಿರುಗಿಸ್ಕೊಳ್ಳತ್ತೆ. ನಾಯಿ ಪಾದನ ಮಡಚಿದ ಹಾಗೇ ಬಿಟ್ರೆ ನರಕ್ಕೆ ಪೆಟ್ಟಾಗಿದೆ ಅಂತ, ಅವತ್ತೇ ಹೊರಡಿ. ಬರೀ ನೋವು, ಸ್ವಲ್ಪ ತೂರಾಟ ಇದ್ರೆ ಬಹಳಷ್ಟು ನಾಯಿ ಆಪರೇಷನ್ ಇಲ್ದೆನೇ ಸುಧಾರಿಸ್ತವೆ. ಕಾಲು ಪೂರ್ತಿ ಬಿದ್ದು, ಬೆರಳಿನ ಮೂಳೆ ಗಟ್ಟಿ ಒತ್ತಿದ್ರೆ ಇನ್ನೂ ನೋವು ಗೊತ್ತಾಗ್ತಿದ್ರೆ ಆಪರೇಷನ್ನಿಂದ ಹತ್ತರಲ್ಲಿ ಒಂಬತ್ತು ಮತ್ತೆ ನಡೀತವೆ. ಆ ನೋವೂ ಗೊತ್ತಾಗ್ತಿಲ್ಲ ಅಂದ್ರೆ ಆಪರೇಷನ್ ಮಾಡಿದ್ರೂ ಸುಮಾರು ಅರ್ಧ ಮಾತ್ರ, ಅದೂ ಒಂದೆರಡು ದಿನದೊಳಗೆ ಮಾಡಿದ್ರೆ ಒಳ್ಳೇದು. ಒತ್ತಿದಾಗ ಕಾಲು ಎಳ್ಕೊಳ್ತು ಅಂತ ಖುಷಿಪಡಬೇಡಿ, ಅದು ನರದ ತನ್ನಷ್ಟಕ್ಕಿನ ಎಳೆತ, ನಾಯಿ ತಿರುಗಿ ನೋಡ್ಬೇಕು ಇಲ್ಲ ಕೂಗ್ಬೇಕು. ಈ ಪರೀಕ್ಷೆ ಡಾಕ್ಟ್ರೇ ಮಾಡ್ಲಿ. ಬರೀ ಎಕ್ಸ್‌ರೇಯಲ್ಲಿ ನರದ ಹುರಿ ಕಾಣಲ್ಲ, ಎಂಆರ್‌ಐ ಇಲ್ಲ ಸಿಟಿ ಬೇಕಾಗತ್ತೆ, ನಮ್ಮ ಕಡೆಯವರು ಅದಕ್ಕೆ ಬೆಂಗಳೂರೇ ಅಂತ ಹೊರಟ್ರೆ ಶಿರಸಿಯಿಂದ 400 ಕಿಲೋಮೀಟರ್ ದಾರಿ, ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದಾದ್ರೆ ಕರಾವಳಿಯವರಿಗೆ ಇನ್ನೂ ಕಷ್ಟ, ಹಾಗಾಗಿ ಎಲ್ಲಿ ಮಾಡ್ತಾರೆ ಅಂತ ನಾಯಿ ಚೆನ್ನಾಗಿರೋವಾಗಲೇ ವಿಚಾರಿಸಿ ನಂಬರ್ ಬರೆದಿಟ್ಕೊಳ್ಳಿ. ಕಾರಲ್ಲಿ ತೊಡೆ ಮೇಲೆ ಬೇಡ, ರಟ್ಟಿನ ಪೆಟ್ಟಿಗೆಯಲ್ಲಿ ಅಲುಗಾಡದ ಹಾಗೆ ಬಟ್ಟೆ ಒತ್ತಿ ಮಲಗಿಸಿ.

ಆಪರೇಷನ್ ಬೇಡ ಅಂತಾದ್ರೆ ಔಷಧಿಗಿಂತ ದೊಡ್ಡದು ವಿಶ್ರಾಂತಿ, ಕಮ್ಮಿ ಅಂದ್ರೂ ನಾಲ್ಕು ವಾರ, ನಾನಂತೂ ಆರು ಹೇಳ್ತೀನಿ. ವಿಶ್ರಾಂತಿ ಅಂದ್ರೆ ಮನೆಯೊಳಗೆ ಓಡಾಡ್ಕೊಂಡಿರೋದಲ್ಲ ಮಾರಾಯ್ರೆ, ಎದ್ದು ನಿಂತು ತಿರುಗೋಕೆ ಮಲಗೋಕೆ ಸಾಕಾಗೋಷ್ಟು ಜಾಗದ ಪಂಜರ, ಹಗಲೂ ರಾತ್ರಿ. ಉಚ್ಚೆಗೆ ಎತ್ಕೊಂಡು ಹೋಗಿ, ಹೊಟ್ಟೆ ಕೆಳಗೆ ಟವೆಲ್ ಕೊಟ್ಟು ಹಿಡ್ಕೊಂಡು, ಹಾಗೇ ಎತ್ಕೊಂಡು ಬನ್ನಿ. ಎತ್ತೋವಾಗ ಒಂದು ಕೈ ಎದೆಗೆ, ಒಂದು ಕೈ ಹಿಂಭಾಗಕ್ಕೆ, ಬೆನ್ನು ನೆಟ್ಟಗಿರ್ಲಿ. ಐದನೇ ದಿನಕ್ಕೆ ನೋವು ಇಳಿದು ನಾಯಿ ಕುಣಿಯತ್ತೆ, ನಿಮ್ಮ ಅಜ್ಜಿ ಪಾಪ ಬಿಡ್ರೋ ಅಂತಾರೆ, ಬಿಡ್ತೀರಿ, ಮತ್ತೆ ನನ್ನ ಹತ್ರ ಬರೋದು ಕಾಲು ಎಳ್ಕೊಂಡೇ. ಕಾಲು ಬಿದ್ದ ನಾಯಿ ಉಚ್ಚೆ ಹೊಯ್ತಿದೆಯಾ ಅಂತ ಅವತ್ತಿಂದಲೇ ನೋಡಿ, ಹನಿ ಹನಿ ಸೋರೋದು ಅಂದ್ರೆ ಚೀಲ ತುಂಬಿ ಉಕ್ಕೋದು, ದಿನಕ್ಕೆ ಮೂರು ನಾಲ್ಕು ಸಲ ಕೈಯಲ್ಲಿ ಒತ್ತಿ ಖಾಲಿ ಮಾಡೋದನ್ನ ಡಾಕ್ಟ್ರ ಹತ್ರ ಕಲೀಬೇಕು.

ವರ್ಷಗಳ ಹಿಂದೆ ಕಾರವಾರದ ಒಂದು ಮನೆಯವರು ನಾಲ್ಕನೇ ದಿನ ನಾಯಿ ತಂದಿದ್ರು, ಮೂರು ದಿನ ಎಣ್ಣೆ ನೀವಿದ್ದಾರೆ, ಎಷ್ಟು ಒತ್ತಿದ್ರೂ ಅದು ತಿರುಗಿ ನೋಡ್ಲಿಲ್ಲ. ಬಾಲ ಅಲ್ಲಾಡ್ತಿರಲಿಲ್ಲ, ಆದ್ರೆ ಮನೆಯವರ ಕೈ ನೆಕ್ತಾನೇ ಇತ್ತು. ಅದಕ್ಕೇ ಇಷ್ಟು ಜೋರು ಮಾಡ್ತಿದ್ದೀನಿ.

ಪ್ರಶ್ನೆ: ನಮ್ಮ ಮಿನಿ ಎಂಟು ಕಿಲೋ ಇದೆ, ಗುಂಡಗೆ ಮುದ್ದಾಗಿದೆ, ತೊಂದ್ರೆ ಇಲ್ವಲ್ಲ?
ಉತ್ತರ: ಇದೆ. ಮಿನಿ ಅಂದ್ರೆ ಐದು ಕಿಲೋ ಆಸುಪಾಸು, ಅನ್ನ ತುಪ್ಪ ಬಿಸ್ಕತ್ತು ಇಳಿಸಿ.

ಪ್ರಶ್ನೆ: ಉಣುಗು ಜಾಸ್ತಿ. ದನಕ್ಕೆ ಹಚ್ಚೋ ಔಷಧಿ ಹಚ್ಚಬಹುದಾ, ಬೆಳ್ಳುಳ್ಳಿ ತಿನ್ನಿಸಬಹುದಾ?
ಉತ್ತರ: ಎರಡೂ ವಿಷ. ತೂಕ ನೋಡಿ ಕೊಡೋ ನಾಯಿಯ ಮಾತ್ರೆ ಇದೆ. ಶಿರಸಿ, ಸಿದ್ದಾಪುರದ ಕಾಡಂಚಿನವರು ತರಗೆಲೆಯಲ್ಲಿ ನಾಯಿ ಬಿಡಬೇಡಿ, ಮಂಗನ ಕಾಯಿಲೆ ಹರಡೋ ಉಣುಗು ಅಲ್ಲೇ ಇರೋದು, ಅದು ನಿಮಗೇ ಅಪಾಯ.

ಪ್ರಶ್ನೆ: ಕಾರವಾರದ ಟಾಗೋರ್ ಬೀಚಲ್ಲಿ ಮರಳು ಅಗೀತಾನೆ, ಬೆನ್ನಿಗೆ ಏನಾದ್ರೂ ಆಗತ್ತಾ?
ಉತ್ತರ: ಬೆನ್ನು ಸರಿಯಿದ್ದ ನಾಯಿ ಮರಳು ಅಗೀಲಿ, ಅದರ ಹುಟ್ಟುಗುಣ. ಕುತ್ತಿಗೆ ಪಟ್ಟಿ ಬೇಡ, ಎದೆಗೆ ಹಾಕೋ ಹಾರ್ನೆಸ್ ಹಾಕಿ, ಹಗ್ಗ ಬಿಚ್ಚಬೇಡಿ. ಬಲೆ ಎಳೆದ ಮೇಲೆ ದಡದಲ್ಲಿ ಬಿಸಾಕಿರೋ ಮೀನಿನಲ್ಲಿ ಹೊಟ್ಟೆ ಉಬ್ಬಿಸೋ ಪಫರ್ ಮೀನೂ ಇರ್ತದೆ, ಅದರ ವಿಷಕ್ಕೆ ಮದ್ದೇ ಇಲ್ಲ.