ತೋಟಕ್ಕೂ ಪ್ರಯಾಣಕ್ಕೂ ಒಂದೇ ಮಡಚುವ ಚಾಕು: ಚಿಕ್ಕ ಕೈಗೆ ಯಾವುದು ಸರಿ?

ನೀವು ಕೇಳಿದ್ದು ಇಷ್ಟು: ಅಂಗೈ ಚಿಕ್ಕದು, ಎಡಗೈ ರೂಢಿ, ಬಜೆಟ್ ಮೂರು ಸಾವಿರ, ತೋಟಕ್ಕೂ ಪ್ರಯಾಣಕ್ಕೂ ಆಗುವ ಗಟ್ಟಿಮುಟ್ಟಾದ ಒಂದು ಮಡಚುವ ಚಾಕು ಬೇಕು. ಆನ್‌ಲೈನ್‌ನಲ್ಲಿ ನೋಡಿ ನೋಡಿ ತಲೆ ಕೆಟ್ಟಿದೆ ಅಂತಲೂ ಬರೆದಿದ್ದೀರಿ. ಕೆಡದೆ ಇನ್ನೇನಾಗುತ್ತದೆ? ಅಲ್ಲಿ ಎಲ್ಲರೂ ಸ್ಟೀಲಿನ ನಂಬರು ಹೇಳುತ್ತಾರೆ. ಹಿಡಿಯ ವಿಷಯ ಕೇಳಿದರೆ ಬಣ್ಣದ ಹೆಸರು ಹೇಳುತ್ತಾರೆ.

ನಾನು ಸಾಗರದ ಹತ್ತಿರ ಸಣ್ಣದೊಂದು ನರ್ಸರಿ ನಡೆಸುತ್ತೇನೆ. ಬಾಳೆನಾರು, ಗೊಬ್ಬರದ ಚೀಲದ ಹೊಲಿಗೆ, ಡ್ರಿಪ್ ಪೈಪು, ಮಧ್ಯಾಹ್ನ ಒಂದು ಪೇರಲೆಹಣ್ಣು, ಎಲ್ಲಕ್ಕೂ ಜೇಬಿನಲ್ಲಿರುವ ಅದೇ ಚಾಕು. ಕಸಿ ಕಟ್ಟುವ ಚಾಕು ಬೇರೆ. ಅದನ್ನು ಒಂದೇ ಮಗ್ಗುಲಿಗೆ ಮಸೆದಿರುತ್ತಾರೆ. ಅದನ್ನು ಈ ಲೆಕ್ಕಕ್ಕೆ ತರಬೇಡಿ.

ನನ್ನ ತೋರುಬೆರಳಿನ ಒಳಮಗ್ಗುಲಲ್ಲಿ ಒಂದು ಬಿಳಿ ಗೆರೆ ಇದೆ. ಹದಿನೈದು ವರ್ಷದ ಹಿಂದೆ ಜಾತ್ರೆಯಲ್ಲಿ ಕೊಂಡ ಚಾಕುವಿನ ಕೃಪೆ. ನೋಡೋಕೆ ಮಸ್ತಾಗಿತ್ತು. ಒಂದು ದಿನ ಬೆಲ್ಟಿಗೆ ಇನ್ನೊಂದು ತೂತು ಮಾಡೋಣ ಅಂತ ಮೊನೆಯನ್ನು ಚರ್ಮಕ್ಕೆ ಇಟ್ಟು ಒತ್ತಿದೆ. ಚರ್ಮ ಬಿಟ್ಟುಕೊಡಲಿಲ್ಲ. ಅಲಗು ಹಿಂದಕ್ಕೆ ಮಡಚಿಕೊಂಡು ಬೆರಳ ಮೇಲೆ ಬಂತು. ಮೂರು ಹೊಲಿಗೆ. ತಪ್ಪು ಅರ್ಧ ನನ್ನದು, ಲಾಕ್ ಇಲ್ಲದ ಚಾಕುವಿನ ಮೊನೆ ಒತ್ತಿ ಚುಚ್ಚಬಾರದು. ಇನ್ನರ್ಧ ಚಾಕುವಿನದು. ಅದರ ಸ್ಪ್ರಿಂಗ್ ಎಷ್ಟು ಸಡಿಲ ಇತ್ತೆಂದರೆ, ತಲೆಕೆಳಗೆ ಹಿಡಿದು ಕೊಡವಿದರೆ ಅಲಗು ತಾನೇ ಹೊರಗೆ ಬರುತ್ತಿತ್ತು. ಕೊಳ್ಳುವ ದಿನವೇ ಅದು ಗೊತ್ತಾಗಬೇಕಿತ್ತು. ನಾನು ಹಿಡಿಯ ಮೇಲಿನ ಹಿತ್ತಾಳೆ ಹೂವು ನೋಡುತ್ತಾ ನಿಂತಿದ್ದೆ.

ಮೊದಲು ಕೈ ಅಳೆದುಕೊಳ್ಳಿ. ಬೆರಳು ಜೋಡಿಸಿ, ಹೆಬ್ಬೆರಳು ಬಿಟ್ಟು, ನಾಲ್ಕು ಬೆರಳ ಬುಡದಲ್ಲಿ ಅಂಗೈ ಎಷ್ಟು ಅಗಲ ಇದೆ ನೋಡಿ. ನನ್ನದು ಎಂಟೂವರೆ ಸೆಂಟಿಮೀಟರ್. ಹಿಡಿ ಇದಕ್ಕಿಂತ ಒಂದೂವರೆ ಎರಡು ಸೆಂಟಿಮೀಟರ್ ಉದ್ದ ಇದ್ದರೆ ನಾಲ್ಕೂ ಬೆರಳು ಕೂರುತ್ತವೆ, ಕೊನೆಯ ತುದಿ ಅಂಗೈಗೆ ಚುಚ್ಚುವುದಿಲ್ಲ. ನಿಮ್ಮದು ಏಳೂವರೆ ಅಂದುಕೊಂಡರೆ, ಮಡಚಿದಾಗ ಒಂಬತ್ತರಿಂದ ಹತ್ತು ಸೆಂಟಿಮೀಟರ್ ಇರುವ ಚಾಕು ಸಾಕು. ಅದಕ್ಕಿಂತ ದೊಡ್ಡದು ಕೊಂಡರೆ ಜೇಬಿನಲ್ಲಿ ಅಡ್ಡ ನಿಲ್ಲುತ್ತದೆ. ಒಂದು ವಾರ ಆದಮೇಲೆ ಮನೆಯ ಡ್ರಾಯರ್ ಸೇರುತ್ತದೆ.

ಉದ್ದಕ್ಕಿಂತ ದಪ್ಪ ಮುಖ್ಯ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಬೆರಳ ತುದಿಗಳು ಹೆಬ್ಬೆರಳ ಬುಡದ ಮಾಂಸಕ್ಕೆ ತಾಗಿಯೂ ತಾಗದ ಹಾಗಿರಬೇಕು. ಉಗುರು ಅಂಗೈಗೆ ಊರಿದರೆ ಹಿಡಿ ತೆಳು. ನಡುವೆ ಒಂದು ಬೆರಳಷ್ಟು ಜಾಗ ಉಳಿದರೆ ದಪ್ಪ. ಅಂಗಡಿಗೆ ಹೋಗಿ ಹಿಡಿದು ನೋಡುವ ಅನುಕೂಲ ಇಲ್ಲದಿದ್ದರೆ ಅಡುಗೆಮನೆಗೆ ಹೋಗಿ. ನಿಜ ಹೇಳುತ್ತಿದ್ದೇನೆ. ಚಾಕುವಿನ ಪುಟದಲ್ಲಿ ಹಿಡಿಯ ಉದ್ದ, ದಪ್ಪ ಕೊಟ್ಟಿರುತ್ತಾರೆ. ಅದೇ ಅಳತೆಗೆ ಒಂದು ಕ್ಯಾರೆಟ್ ಕೆತ್ತಿ ಹಿಡಿದು ನೋಡಿ. ನಮ್ಮ ಮನೆಯಲ್ಲಿ ನಕ್ಕರು. ಆದರೆ ನನ್ನ ಈಗಿನ ಚಾಕು ಆರಿಸಿದ್ದು ಆ ಕ್ಯಾರೆಟ್. ಆಮೇಲೆ ಅದು ಕೋಸಂಬರಿಗೆ ಹೋಯಿತು.

ಚಾಕು ಕೈಗೆ ಸಿಕ್ಕರೆ ಇನ್ನೊಂದು ಪರೀಕ್ಷೆ ಇದೆ. ಮಡಚಿದ ಚಾಕುವನ್ನೇ ಗಟ್ಟಿಯಾಗಿ ಹಿಸುಕಿ ಹಿಡಿದು ಮೂವತ್ತು ಎಣಿಸಿ. ಕೈ ಬಿಚ್ಚಿ ನೋಡಿ. ಅಂಗೈ ಒಂದೇ ಸಮ ಕೆಂಪಾಗಿದ್ದರೆ ಒಳ್ಳೆಯದು. ಒಂದು ಕಡೆ ಗೆರೆಯೋ ಚುಕ್ಕೆಯೋ ಎದ್ದು ಕಂಡರೆ, ಅರ್ಧ ಗಂಟೆ ಕೆಲಸ ಮಾಡಿದಮೇಲೆ ಬೊಬ್ಬೆ ಏಳುವುದು ಅಲ್ಲೇ. ಜಾಸ್ತಿ ಸಲ ಅಪರಾಧಿ ಜೇಬಿಗೆ ಸಿಕ್ಕಿಸುವ ಕ್ಲಿಪ್ಪು, ಇಲ್ಲವೇ ಉಜ್ಜದೆ ಬಿಟ್ಟ ಹಿಡಿಯ ಮೂಲೆ. ಬೆರಳಿಗೆ ಅಂತ ನಾಲ್ಕು ಗುಂಡಿ ತೋಡಿದ ಹಿಡಿಗಳು ಬರುತ್ತವಲ್ಲ, ಅವು ನನಗೆ ಆಗುವುದಿಲ್ಲ. ಯಾರದೋ ಬೆರಳಿಗೆ ತೋಡಿದ ಗುಂಡಿಯಲ್ಲಿ ನಿಮ್ಮ ಬೆರಳು ಯಾಕೆ ಕೂರಬೇಕು? ಅದೂ ನಿಮ್ಮದು ಚಿಕ್ಕ ಕೈ. ಮೇಲಾಗಿ ಚಾಕುವನ್ನು ಒಂದೇ ರೀತಿ ಹಿಡಿಯುವುದಿಲ್ಲ. ಹಗ್ಗಕ್ಕೆ ಮುಷ್ಟಿ ಹಿಡಿತ, ಸಿಪ್ಪೆ ಹೆರೆಯುವಾಗ ಹೆಬ್ಬೆರಳ ಕಡೆಗೆ ಎಳೆತ, ಕಡ್ಡಿ ಚೂಪು ಮಾಡುವಾಗ ಹೆಬ್ಬೆರಳು ಅಲಗಿನ ಬೆನ್ನ ಮೇಲೆ. ಸಾದಾ ದುಂಡನೆ ಹಿಡಿ ಮೂರಕ್ಕೂ ಒಗ್ಗುತ್ತದೆ.

ಇನ್ನು ಚೆನ್ನಾಗಿ ಮಾಡಿದ್ದೋ ಅಲ್ಲವೋ ಅನ್ನುವುದು. ಇದು ಗೊತ್ತಾಗುವುದು ಕೀಲಿನಲ್ಲಿ. ಅಲಗು ಬಿಚ್ಚಿ, ಅದರ ತುದಿಯ ಹತ್ತಿರ ಬೆನ್ನಿನ ಕಡೆಯಿಂದ ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹೊಸ ಚಾಕು ಅಲ್ಲಾಡಬಾರದು. ಮಡಚಿ ಮೇಲಿನಿಂದ ನೋಡಿ. ಅಲಗು ಸೀಳಿನ ನಡುವೆ ಇರಬೇಕು, ಒಂದು ಗೋಡೆಗೆ ಒರಗಿರಬಾರದು. ಮೊನೆ ಪೂರ್ತಿ ಒಳಗೆ ಅಡಗಿರಬೇಕು. ಜೇಬಿಗೆ ಕೈ ಹಾಕಿದಾಗ ಮೊನೆ ಸಿಕ್ಕಿದರೆ ಆ ಚಾಕು ಬೇಡ. ಬೆನ್ನಿನಲ್ಲಿ ಸ್ಪ್ರಿಂಗ್ ಇರುವ ಚಾಕುವಾದರೆ ಬೆಳಕಿಗೆ ಹಿಡಿದು ನೋಡಿ. ಸ್ಪ್ರಿಂಗಿಗೂ ಪಕ್ಕದ ತಗಡಿಗೂ ನಡುವೆ ಬೆಳಕು ತೂರಿ ಬಂದರೆ, ಆ ಸಂದಿಯಲ್ಲಿ ನಾಳೆ ಹಲಸಿನ ಮೇಣ ಕೂರುತ್ತದೆ. ಬಿಚ್ಚುವಾಗ ಕೊನೆಯಲ್ಲಿ ಟಕ್ ಅಂತ ಕೂರಬೇಕು, ಮಡಚುವಾಗಲೂ ಅಷ್ಟೇ.

ಇನ್ನೊಂದನ್ನು ಅಂಗಡಿಯವರೂ ಸಾಮಾನ್ಯವಾಗಿ ಹೇಳುವುದಿಲ್ಲ. ಅಲಗಿನ ಬಾಯಿಯನ್ನು ಮೇಲೆ ಮಾಡಿ ದೀಪದ ಕೆಳಗೆ ನಿಧಾನ ತಿರುಗಿಸಿ. ಹರಿತವಾದ ಬಾಯಿ ಮಿನುಗುವುದಿಲ್ಲ. ಎಲ್ಲಾದರೂ ಒಂದು ಚುಕ್ಕೆ ಮಿಣುಕಿದರೆ ಅಲ್ಲಿ ಮೊಂಡಾಗಿದೆ ಅಂತ. ಹೊಸ ಚಾಕುವಿನಲ್ಲಿ ಇದು ಕಂಡರೆ, ಮಡಚಿದಾಗ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿಯುತ್ತಿರಬಹುದು. ಮಸೆದಷ್ಟೂ ಬಡಿಯುತ್ತಲೇ ಇರುತ್ತದೆ. ವಾಪಸ್ ಕೊಟ್ಟುಬಿಡಿ.

ಸ್ಟೀಲಿನ ಬಗ್ಗೆ ನೀವು ಇಷ್ಟೊಂದು ಓದಿದ್ದೀರಿ, ಆದ್ದರಿಂದ ಎರಡು ಮಾತು. ಅಗ್ಗದ ಚಾಕುಗಳ ಮೇಲೆ ಬರೀ '440' ಅಂತ ಕೆತ್ತಿರುತ್ತಾರೆ. 440ರಲ್ಲಿ ಎ, ಬಿ, ಸಿ ಅಂತ ಮೂರು ಬಗೆ ಇದೆ. ಇಂಗಾಲದ ಪ್ರಮಾಣ ಬೇರೆ ಬೇರೆ, ಗಡಸುತನವೂ ಬೇರೆ. ಅಕ್ಷರ ಇಲ್ಲದ 440 ಅಂದರೆ ಊರಿನ ಹೆಸರಿಲ್ಲದ ವಿಳಾಸ. ದುಬಾರಿ ಸ್ಟೀಲುಗಳು ಗಡಸುತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ 60 ದಾಟುತ್ತವೆ. ಹರಿತ ಜಾಸ್ತಿ ದಿನ ನಿಲ್ಲುತ್ತದೆ ನಿಜ, ಆದರೆ ಒಮ್ಮೆ ಮೊಂಡಾದರೆ ಮನೆಯ ಸಾಣೆಕಲ್ಲಿಗೆ ಜಗ್ಗುವುದಿಲ್ಲ, ಡೈಮಂಡ್ ಕಲ್ಲು ಬೇಕು. ಕೆಂಪು ಸ್ವಿಸ್ ಚಾಕು ಮಾಡುವ ವಿಕ್ಟೋರಿನಾಕ್ಸ್‌ನವರು ತಮ್ಮ ಅಲಗನ್ನು 56ರ ಆಸುಪಾಸಿನಲ್ಲೇ ಇಡುತ್ತಾರೆ. ಬೇಗ ಮೊಂಡಾಗುತ್ತದೆ, ಹತ್ತು ಎಳೆತಕ್ಕೆ ಮತ್ತೆ ಹರಿತವಾಗುತ್ತದೆ. ತೋಟದವರಿಗೆ ಅದೇ ಸರಿ.

ಈಗ ಹೆಸರು ಹೇಳುತ್ತೇನೆ. ನಿಮ್ಮ ದುಡ್ಡಿಗೆ ಎರಡೇ ಕಂಪನಿ ನೋಡಿ.

ಒಂದು, ಒಪಿನೆಲ್. ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯದು. 1890ರಲ್ಲಿ ಜೋಸೆಫ್ ಒಪಿನೆಲ್ ಅನ್ನುವ ಹದಿನೆಂಟರ ಹುಡುಗ ಇದನ್ನು ಮಾಡಿದ. ಅಪ್ಪ ರೈತರಿಗೆ ಹತಾರ ಮಾಡುವ ಕಮ್ಮಾರ. 1897ರ ಹೊತ್ತಿಗೆ 1ರಿಂದ 12ರವರೆಗೆ ಹನ್ನೆರಡು ಅಳತೆ ತಂದ. 1ನೇ ನಂಬರಿನ ಅಲಗು 2 ಸೆಂಟಿಮೀಟರ್, 12ರದು 12. ಆಮೇಲೆ 1, 11 ನಿಂತುಹೋದವು, ಉಳಿದ ನಂಬರುಗಳು ಇವತ್ತಿಗೂ ಅದೇ. ನನಗೆ ಇಷ್ಟವಾಗುವುದು ಈ ಲೆಕ್ಕವೇ. ಚಪ್ಪಲಿಗೆ ನಂಬರು ಇರುವ ಹಾಗೆ ಚಾಕುವಿಗೂ ಇದೆ. ಎಲ್ಲರೂ 8 ಕೊಳ್ಳಿ ಅನ್ನುತ್ತಾರೆ, ಅದರ ಅಲಗು ಎಂಟೂವರೆ ಸೆಂಟಿಮೀಟರ್, ಹಿಡಿ ಸುಮಾರು ಹನ್ನೊಂದು. ನನ್ನದು ಅದು. ನಿಮಗೆ 7 ಸಾಕು, ಅಲಗು 8 ಸೆಂಟಿಮೀಟರ್. ಬೆರಳು ತೀರಾ ಗಿಡ್ಡ ಅನ್ನಿಸಿದರೆ 6, ಅದರ ಅಲಗು 7. ಆರಕ್ಕಿಂತ ಕೆಳಗೆ ಇಳಿಯಬೇಡಿ, ಕುತ್ತಿಗೆಯ ಲಾಕಿನ ಉಂಗುರ ಬರುವುದು 6ರಿಂದ ಮೇಲಿನವಕ್ಕೆ. 1955ರಲ್ಲಿ ಮಾರ್ಸೆಲ್ ಒಪಿನೆಲ್ ತಂದ ಉಂಗುರ ಅದು. ತಿರುಗಿಸಿದರೆ ಅಲಗು ಮಡಚುವುದಿಲ್ಲ. 2000ದಿಂದೀಚೆಗಿನವುಗಳಲ್ಲಿ ಮಡಚಿದ ಮೇಲೂ ತಿರುಗಿಸಿ ಬಿಗಿ ಮಾಡಬಹುದು. ನನ್ನ ಬೆಲ್ಟಿನ ಕಾಲಕ್ಕೆ ಇದು ಗೊತ್ತಿದ್ದಿದ್ದರೆ!

ಎಡಗೈಗೂ ಈ ಉಂಗುರ ಒಳ್ಳೆಯದು, ಯಾವ ಕಡೆಯಿಂದ ತಿರುಗಿಸಿದರೂ ಆಗುತ್ತದೆ. ಬಿಚ್ಚಿದ ಅಲಗನ್ನು ಹಿಡಿಯ ಒಳಗಿನ ಪಟ್ಟಿಯೊಂದು ತಡೆದು ನಿಲ್ಲಿಸುವ, ಲೈನರ್ ಲಾಕ್ ಅನ್ನುವ ಚಾಕುಗಳು ಸಾಮಾನ್ಯವಾಗಿ ಬಲಗೈ ಹೆಬ್ಬೆರಳಿಗೇ ಮಾಡಿದವು. ಉಗುರು ಸಿಕ್ಕಿಸುವ ಗೀರು ಕೂಡ ಹೆಚ್ಚಾಗಿ ಬಲಗೈಯವರ ಕಡೆಗೇ ಇರುತ್ತದೆ. ಅದಕ್ಕೆ ನಾಲ್ಕು ದಿನದಲ್ಲಿ ಕೈ ಒಗ್ಗುತ್ತದೆ, ಲೈನರ್ ಲಾಕಿಗೆ ಸುಲಭಕ್ಕೆ ಒಗ್ಗುವುದಿಲ್ಲ ಅಂತ ನಮ್ಮಲ್ಲಿ ಕೆಲಸಕ್ಕೆ ಬರುವ ಎಡಗೈ ಹುಡುಗನೊಬ್ಬ ಹೇಳುತ್ತಾನೆ.

ಒಪಿನೆಲ್‌ನ ದೋಷ ಮಲೆನಾಡಿನವರಿಗೆ ಬೇಗ ಗೊತ್ತಾಗುತ್ತದೆ. ಹಿಡಿ ಬೀಚ್ ಮರದ್ದು. ಆಷಾಢದ ಮಳೆಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆಯೇ ಈ ಹಿಡಿಯೂ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಉಗುರು ಕಿತ್ತು ಬಂದರೂ ಅಲಗು ಬರುವುದಿಲ್ಲ. ಸವೋಯ್‌ನವರು ಇದಕ್ಕೆ ಒಂದು ಉಪಾಯ ಇಟ್ಟುಕೊಂಡಿದ್ದಾರೆ. ಉಂಗುರ ಸಡಿಲ ಮಾಡಿ, ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಕುಟ್ಟುತ್ತಾರೆ. ಮೊನೆ ತಾನೇ ಸ್ವಲ್ಪ ಮೇಲೇಳುತ್ತದೆ, ಅಲ್ಲಿಂದ ಎಳೆದುಕೊಳ್ಳಬಹುದು. ನಾನು ಕಣದ ಕಲ್ಲಿಗೆ ಕುಟ್ಟುತ್ತೇನೆ.

ಅಲಗಿನಲ್ಲೂ ಎರಡು ಬಗೆ, ಕಾರ್ಬನ್ ಮತ್ತು ಸ್ಟೇನ್‌ಲೆಸ್. ನನ್ನದು ಕಾರ್ಬನ್. ಕೊಂಡ ದಿನ ಕನ್ನಡಿ ಹಾಗಿತ್ತು. ಅದೇ ಸಂಜೆ ಒಂದು ಮಾವಿನಕಾಯಿ ಹೆಚ್ಚಿದೆ. ಒರೆಸುವಷ್ಟರಲ್ಲಿ ನೀಲಿ, ಬೂದು, ಕಪ್ಪು, ನವಿಲುಗರಿಯ ಹಾಗೆ ಬಣ್ಣ ಬಂತು. ಅದು ತುಕ್ಕಲ್ಲ, ಕೆಂಪು ತುಕ್ಕನ್ನು ಸ್ವಲ್ಪ ತಡೆಯುವ ಪದರ. ಆದರೆ ಶುರುವಿನ ಕೆಲವು ದಿನ ಪೇರಲೆ ತಿಂದರೆ ಕಬ್ಬಿಣ ನೆಕ್ಕಿದ ರುಚಿ ಇರುತ್ತದೆ, ಒರೆಸದೆ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಕಿತ್ತಳೆ ಚುಕ್ಕೆ. ಮಸೆಯೋಕೆ ಇದು ಬೆಣ್ಣೆ. ಆದರೂ ನೀವು ಸ್ಟೇನ್‌ಲೆಸ್ ತಗೊಳ್ಳಿ. ಹುಳಿ ಹಣ್ಣು ಕತ್ತರಿಸಿ ಹಾಗೇ ಮಡಚಿ ಬ್ಯಾಗಿಗೆ ಹಾಕುವ ಪ್ರಯಾಣಿಕರಿಗೆ ಕಾರ್ಬನ್ ಆಗುವುದಿಲ್ಲ.

ಎರಡನೆಯದು ವಿಕ್ಟೋರಿನಾಕ್ಸ್, ಎಲ್ಲರಿಗೂ ಗೊತ್ತಿರುವ ಕೆಂಪು ಸ್ವಿಸ್ ಚಾಕು. ಸ್ವಿಟ್ಜರ್ಲೆಂಡಿನ ಈಬಾಖ್‌ನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಅಂಗಡಿ ತೆರೆದರು, ಈ ನಮೂನೆಯ ಚಾಕು ಬಂದದ್ದು 1897ರಲ್ಲಿ. ಮಡಚಿದಾಗ 91 ಮಿಲಿಮೀಟರ್ ಉದ್ದ ಇರುವುದು ನಿಮ್ಮ ಅಂಗೈಗೆ ಸರಿಯಾಗಿ ಕೂರುತ್ತದೆ. ಕೀಲಿನ ಕೆಲಸ ನೋಡಬೇಕೆಂದರೆ ಇದನ್ನು ಬಿಚ್ಚಿ ಮಡಚಿ, ಮೇಲೆ ಹೇಳಿದ ಟಕ್ ಸದ್ದು ಏನು ಅಂತ ಗೊತ್ತಾಗುತ್ತದೆ. ಎರಡು ತೊಂದರೆ. 91ರ ಅಳತೆಯಲ್ಲಿ ಅಲಗಿಗೆ ಲಾಕ್ ಇಲ್ಲ. ಮತ್ತೆ, ಸಾಮಾನು ಜಾಸ್ತಿಯಾದಷ್ಟೂ ಹಿಡಿ ದಪ್ಪವಾಗುತ್ತಾ ಹೋಗುತ್ತದೆ. ಗರಗಸ, ಕತ್ತರಿ, ಭೂತಗನ್ನಡಿ ಎಲ್ಲ ಇರುವುದನ್ನು ಆಸೆಗೆ ಬಿದ್ದು ಕೊಂಡರೆ ಕೈಯಲ್ಲಿ ಚಾಕು ಹಿಡಿದ ಹಾಗಿರುವುದಿಲ್ಲ, ಸೋಪಿನ ಡಬ್ಬಿ ಹಿಡಿದ ಹಾಗಿರುತ್ತದೆ. ಒಳಗೆ ಸಾಮಾನು ಎರಡೇ ಸಾಲಾಗಿ ಜೋಡಿಸಿದ, ಎರಡು ಪದರದ್ದು ಸಾಕು.

ತೋಟದ ಕೆಲಸ ಜಾಸ್ತಿ ಇದ್ದರೆ ಒಪಿನೆಲ್ 7, ಪ್ರಯಾಣ ಜಾಸ್ತಿ ಇದ್ದರೆ ವಿಕ್ಟೋರಿನಾಕ್ಸ್. ನೀವು ತೋಟ ಅಂತ ಮೊದಲು ಬರೆದಿದ್ದೀರಿ, ಹಾಗಾಗಿ ನನ್ನ ಓಟು ಒಪಿನೆಲ್‌ಗೆ. ಬಟನ್ ಒತ್ತಿದರೆ ಚಿಮ್ಮುವ ಚಾಕು ಮಾತ್ರ ಬೇಡ. ಬಾಳೆಹಣ್ಣು ಕತ್ತರಿಸೋಕೆ ಇಟ್ಟುಕೊಂಡಿದ್ದೇನೆ ಸಾರ್ ಅಂದರೆ ಪೊಲೀಸರು ನಂಬುವುದಿಲ್ಲ. ಆಯುಧಗಳ ಕಾನೂನಿನಲ್ಲಿ ಬರುವ ಅಳತೆ ಒಂಬತ್ತು ಇಂಚು ಮೀರಿದ ಅಲಗಿನದು, ಈ ಚಾಕುಗಳು ಅದರ ಅರ್ಧವೂ ಇಲ್ಲ. ಆದರೂ ವಿಮಾನಕ್ಕೆ ಹೋಗುವಾಗ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಮರೆತರೆ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ಒಪಿನೆಲ್ ಕೊಂಡರೆ ಮಳೆಗಾಲಕ್ಕೆ ಕಾಯಬೇಡಿ. ಬೇಸಗೆಯಲ್ಲೇ ಹಿಡಿಗೆ ಅಗಸೆ ಎಣ್ಣೆ ಕುಡಿಸಿ, ಸೀಳಿನ ಒಳಗೂ ಹೋಗಬೇಕು. ಒರೆಸಿ ಗಾಳಿಗೆ ಇಟ್ಟು, ಎರಡು ದಿನ ಬಿಟ್ಟು ಇನ್ನೊಮ್ಮೆ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗುವುದಿಲ್ಲ, ಜೇಬೆಲ್ಲ ಜಿಡ್ಡಾಗುತ್ತದೆ. ಕೊಬ್ಬರಿ ಎಣ್ಣೆಯನ್ನು ಅಲಗಿಗೆ ಇಟ್ಟುಕೊಳ್ಳಿ, ಹಲಸಿನ ಮೇಣ ಬಿಡಿಸೋಕೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅಂಗೈ ಅಳತೆ ಏಳೂವರೆಗಿಂತ ಕಮ್ಮಿ ಬಂದರೆ ಕೆಳಗೆ ಬರೆಯಿರಿ, 6 ಮತ್ತು 7ರ ನಡುವೆ ಯಾವುದು ಅಂತ ಹೇಳುತ್ತೇನೆ.